ಅಕ್ಕಚ್ಚು

ಮದ್ದೂರಿನ ಮಿಲ್ಲಿನಲ್ಲಿ ಹನ್ನೊಂದು ವರ್ಷ
ಪಾಲಿಶ್ ಮಷೀನಿನ ಪಕ್ಕ ನಿಂತವನು ನಾನು.
ಅಕ್ಕಿಯ ಕಂದು ಅಂಗಿ ಕಳಚುವುದು ಕಸುಬು.
ಒಂದು ಸಲಕ್ಕೆ ಮಾಸಲು, ಎರಡು ಸಲಕ್ಕೆ ಬಿಳುಪು,
ಮೂರನೆಯದಕ್ಕೆ ಕಾಳಿನಾಚೆಯ
ಅಂಗೈಗೆರೆ ಕಾಣುವಷ್ಟು.
ರೆಪ್ಪೆಯ ಮೇಲೆ, ಕಿವಿಯ ಸಂದಿಯಲ್ಲಿ, ಬೀಡಿಕಟ್ಟಿನೊಳಗೆ ತೌಡು.
ಸಂಜೆ ಮನೆಗೆ ಹೋದರೆ ಹಸು ನನ್ನ ತೋಳು ನೆಕ್ಕುತ್ತಿತ್ತು.
ಪ್ರೀತಿ ಅಂದುಕೊಂಡಿದ್ದೆ.

ಸುಕನ್ಯ ಹೆತ್ತಾಗ ಸಾಹುಕಾರರ ಕೈಕಾಲು ಹಿಡಿದು
ಇಪ್ಪತ್ತೈದು ಕೆಜಿ, ಮೂರು ಪಾಲಿಶಿನದು, ಒಂದು ನುಚ್ಚಿಲ್ಲದ್ದು,
ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು
ಕೊಪ್ಪದ ಅತ್ತೆ ಮನೆಗೆ ಒಯ್ದೆ.
ಅತ್ತೆ ಬೊಗಸೆಗೆ ಸುರಿದುಕೊಂಡು
"ಏನ್ ಬೆಳ್ಳಗದೆ ಅಳೀಮಯ್ಯ, ಮುತ್ತಿದ್ದಂಗದೆ" ಅಂದರು.

ಬಾಣಂತಿಗೆ ಪಥ್ಯ.
ಮುದ್ದೆ ತಂಪು, ಮಗುವಿಗೆ ಕಫ.
ಅವರೆಕಾಳು ವಾಯು.
ಸೊಪ್ಪು ತಿಂದರೆ ಮಗುವಿಗೆ ಹಸಿರು ಭೇದಿ.
ಕಡಲೆಕಾಯಿ? ಅಯ್ಯೋ, ಪಿತ್ತ.
ಮೊಟ್ಟೆ, ಮೂರು ತಿಂಗಳು ಕಳೀಲಿ.
ಉಳಿದದ್ದು ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಚೂರು ತುಪ್ಪ,
ಉಂಡ ಮೇಲೆ ಎಲೆಯಡಿಕೆ.

ಅತ್ತೆ ಅಕ್ಕಿಯನ್ನು ಮೂರು ನೀರಲ್ಲಿ ತೊಳೆಯುತ್ತಿದ್ದರು,
ನಾಲ್ಕನೆಯದು ತಿಳಿಯಾಗುವ ತನಕ.
ಅಕ್ಕಚ್ಚು ಬಾನಿಗೆ.
ಬೆಂದ ಮೇಲೆ ತಟ್ಟೆ ಮುಚ್ಚಿ ಬಸಿಯುತ್ತಿದ್ದರು.
ಗಂಜಿ ಬಾನಿಗೆ.
ಬಾನಿಯಲ್ಲಿ ನಮ್ಮದೇ ಮಿಲ್ಲಿನ ತೌಡು ಮೊದಲೇ ನೆನೆಯುತ್ತಿತ್ತು.
ಎಮ್ಮೆ ಮೂತಿ ಅದ್ದಿ, ಕಣ್ಣು ಮುಚ್ಚಿ ಹೀರುವ ಸದ್ದು
ನಡುಮನೆಗೂ ಕೇಳಿಸುತ್ತಿತ್ತು.

ಎರಡನೆಯ ತಿಂಗಳು ಸುಕನ್ಯ ಅಂದಳು,
"ಕಾಲಲ್ಲಿ ಇರುವೆ ಹರಿದಂಗಾಯ್ತದೆ."
ಹೆತ್ತ ಮೈ, ಹಂಗೇ, ಅಂದರು ಎಲ್ಲರೂ.
ಚಪ್ಪಲಿ ಪಾದದಿಂದ ಜಾರಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಮಗು.
ಬಾಯಿ ತೆರೆಯಿತು, ಮುಖ ಕೆಂಪೇರಿತು, ಮುಷ್ಟಿ ಬಿಗಿಯಿತು,
ಅಳು ಬರಲಿಲ್ಲ.
ಕರೆಂಟು ಹೋದಾಗ ಮಿಲ್ಲಿನ ಬೆಲ್ಟು
ಕೊನೆಯ ಸುತ್ತು ತಿರುಗುವ ಸದ್ದಿದೆಯಲ್ಲ, ಅಷ್ಟೇ.
"ಸಾಧು ಮಗ, ಅಳದೇ ಇಲ್ಲ"
ಅಂದಿದ್ದಳು ಪಕ್ಕದ ಮನೆಯವಳು, ಎರಡು ದಿನದ ಹಿಂದೆ.

ರಾತ್ರಿ, ಆಟೋ, ಮಂಡ್ಯದ ದೊಡ್ಡಾಸ್ಪತ್ರೆ.
ಪಕ್ಕೆ ಸೆಳೆಯುತ್ತಿತ್ತು.
ಬಡಗಣ ಸೀಮೆಯ ಮಾತಿನ ಡಾಕ್ಟರಮ್ಮ
ಮಗುವಿನ ಎದೆಗೆ ಕಿವಿಗೊಟ್ಟು, ಆಮೇಲೆ
ತಾಯಿಯ ಮೊಣಕಾಲಿಗೆ ಪುಟ್ಟ ಸುತ್ತಿಗೆ ತಟ್ಟಿದರು.
ಕಾಲು ಮಿಸುಕಲಿಲ್ಲ.
"ಏನ್ ಉಣ್ತೀ ಯವ್ವಾ?"
"ಅನ್ನ."
"ಅನ್ನದ ಜೋಡಿ?"
ಸುಕನ್ಯ ನನ್ನ ಮುಖ ನೋಡಿದಳು.

ಒಂದು ಸೂಜಿ. ಕಿರುಬೆರಳಿನಷ್ಟು ಗಾಜಿನ ಸೀಸೆ.
ಬೆಲೆ ಕೇಳಿದೆ, ಹೇಳಿದರು,
ಮತ್ತೊಮ್ಮೆ ಕೇಳಿದೆ.

ಮೂರನೆಯ ಬೆಳಗಿನ ಜಾವ ವಾರ್ಡಿನಲ್ಲೊಂದು ಮಗು ಕಿರುಚಿತು.
ಯಾರದಪ್ಪಾ ಇದು, ನಿದ್ದೆಗೇಡಿ, ಅಂತ ಮಗ್ಗುಲಾದೆ.
ನಮ್ಮದು.

ಕಾಳಿನ ಸಿಪ್ಪೆಯಲ್ಲಿರುತ್ತದಂತೆ, ಮೊಳಕೆಯ ಮೂಗಿನಲ್ಲಿ.
ನೀರಿಗೆ ಬಿದ್ದರೆ ಕರಗುತ್ತದಂತೆ.
ಮೈ ಅದನ್ನು ಕೂಡಿಡುವುದಿಲ್ಲ, ಕೆಲವೇ ವಾರಕ್ಕೆ ಕಣಜ ಬರಿದು.
ತಾಯಲ್ಲಿಲ್ಲದ್ದು ಹಾಲಲ್ಲಿಲ್ಲ.
ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ:
ಬಸಿದವರಿಗಿಂತ ಮುಂಚೆ, ತೊಳೆದವರಿಗಿಂತ ಮುಂಚೆ
ತೆಗೆದವನು ನಾನು.
ಸಂಬಳಕ್ಕೆ ತೆಗೆದೆ. ಇದನ್ನು ಮಾತ್ರ
ಅಕ್ಕರೆಗೆ.

ಅತ್ತೆ ಒಂದು ವಾರ ನನ್ನೆದುರು ಬರಲಿಲ್ಲ.
ಒಂದು ಸಂಜೆ ಬಾನಿಯ ಮುಂದೆ ನಿಂತು
ಎಮ್ಮೆಗೆ ಹೇಳುತ್ತಿದ್ದರು,
"ನಿಂಗಿಕ್ಕಿದ್ನ ಅವ್ಳಿಗ್ ಇಕ್ಬೇಕಾಗಿತ್ತು ಕಣೆ."
ಎಮ್ಮೆ ತಲೆ ಎತ್ತಲಿಲ್ಲ.

ಈಗ ಸುಕನ್ಯ ಮುದ್ದೆ ಉಣ್ಣುತ್ತಾಳೆ, ಹೆಸರುಕಾಳಿನ ಬಸ್ಸಾರು.
ಗೋಡೆ ಹಿಡಿಯದೆ ಹಿತ್ತಿಲ ತನಕ ನಡೆಯುತ್ತಾಳೆ.
ಸಾಹುಕಾರರು ಮೂರು ಸಲ ಬಿಡು ಅನ್ನುತ್ತಾರೆ,
ಗಿರಾಕಿ ಬಿಳುಪು ಕೇಳುತ್ತಾನೆ,
ಬಿಡುತ್ತೇನೆ.
ಸಂಜೆ ಎತ್ತಿಕೊಂಡರೆ ಮಗು
ನನ್ನ ತೋಳನ್ನು ಬಾಯಿಗೆ ಹಚ್ಚಿಕೊಳ್ಳುತ್ತದೆ.
ಕೈಕಾಲು ತೊಳೆದು ಬನ್ನಿ ಅನ್ನುತ್ತಾಳೆ ಅವಳು.
ಸ್ವಲ್ಪ ತಡೆದು ಹೋಗುತ್ತೇನೆ.